ಭಟ್ಟರ ಮೂಗು, ನನ್ನ ನಾಲಿಗೆ

ಕಳೆದ ವಾರ ಗೋಧಿ ಹಿಟ್ಟಿನ ಉಂಡೆ ಮಾಡಲು ಹೊರಟು ಹಿಟ್ಟನ್ನು ಸೀಯಿಸಿಬಿಟ್ಟೆ. ಹಿಟ್ಟು ಹುರಿಯುವಾಗ ಒಲೆಯ ಮುಂದಿನಿಂದ ಅಲ್ಲಾಡಬಾರದು ಎಂದು ಊರಿಗೆಲ್ಲ ಬುದ್ಧಿ ಹೇಳುವವಳು ನಾನೇ. ಆದರೆ ಮಂಗಳೂರಿನಿಂದ ತಂಗಿಯ ಫೋನು ಬಂತು, ಅವಳ ನಾದಿನಿಯ ಮೇಲಿನ ದೂರು ಮುಗಿಯಲೇ ಇಲ್ಲ. ಬಾಣಲೆಯಲ್ಲಿದ್ದ ಹಿಟ್ಟು ಕಂದಾಗಿ, ಕಂದು ಹೋಗಿ ಕಪ್ಪಾಗುವ ಹೊತ್ತಿಗೆ ಒಳಕೋಣೆಯಿಂದ ಮಗಳು ಕೂಗಿದಳು, “ಅಮ್ಮಾ, ಸಮ್‌ಥಿಂಗ್ ಈಸ್ ಬರ್ನಿಂಗ್!” ಓಡಿ ಹೋಗಿ ಒಲೆ ಆರಿಸಿದೆ. ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ನಮ್ಮ ಫ್ಲ್ಯಾಟಿನ ಅಡುಗೆಮನೆಯ ತುಂಬ ಸೀದ ಹಿಟ್ಟಿನ ವಾಸನೆ. ಕಿಟಕಿ ತೆರೆಯಬೇಕಿತ್ತು, ತೆರೆಯಲಿಲ್ಲ. ಸೌಟು ಹಿಡಿದುಕೊಂಡು ಹಾಗೇ ನಿಂತಿದ್ದೆ. ಆ ವಾಸನೆಯೊಂದಿಗೆ ನಮ್ಮ ಭಟ್ಟರು ನೆನಪಾಗಿದ್ದರು...

ಅದು ತೊಂಬತ್ತರ ದಶಕ. ನಾನು ದುಬೈಗೆ ಬಂದು ಎರಡು ವರ್ಷವಾಗಿತ್ತು. ಅಲ್ ಮುರಕ್ಕಬಾತ್‌ನ ಒಂದು ಹೋಟೆಲಿನಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದೆ. ಬೆಳಿಗ್ಗೆ ಏಳರಿಂದ ಮೂರರವರೆಗೆ ನಾಲ್ಕು ಭಾಷೆಗಳಲ್ಲಿ ನಮಸ್ಕಾರ ಹೇಳುವುದು ನನ್ನ ಕೆಲಸ. ಹೋಟೆಲಿನ ಮೊದಲ ಮಹಡಿಯಲ್ಲಿ ಕೇಜನ್ ಮತ್ತು ಕ್ರಿಯೋಲ್ ಊಟದ ರೆಸ್ಟೋರೆಂಟ್ ಇತ್ತು. ಅಮೆರಿಕದ ದಕ್ಷಿಣಕ್ಕೆ, ಲೂಯಿಸಿಯಾನ ಎಂಬಲ್ಲಿ, ದೊಡ್ಡ ನದಿ ಸಮುದ್ರ ಸೇರುವ ಕಡೆಯ ಜನರ ಊಟವಂತೆ ಅದು. ಬಾಗಿಲಲ್ಲಿ ಮರದ ಮೊಸಳೆ, ಗೋಡೆಯ ಮೇಲೆ ಹಿತ್ತಾಳೆಯ ತುತ್ತೂರಿ. ಅಲ್ಲಿಯ ಹೆಸರುವಾಸಿ ಪದಾರ್ಥ ಗಂಬೋ. ಎಂದರೆ ಸಿಗಡಿ, ಕೋಳಿ, ಬೆಂಡೆಕಾಯಿ ಹಾಕಿ ಕುದಿಸಿದ ದಪ್ಪನೆಯ ಸಾರು, ನಡುವೆ ಒಂದು ಹಿಡಿ ಅನ್ನ. ಮೊದಲ ಸಲ ನೋಡಿದಾಗ, ಇದೆಂತಹ ಅಮೆರಿಕ ಮಾರಾಯ್ರೇ, ನಮ್ಮ ಅನ್ನ ಸಾರಿಗೆ ಮೇಜುಬಟ್ಟೆ ಹಾಸಿದ್ದಾರೆ ಅಷ್ಟೇ ಅನ್ನಿಸಿತ್ತು.

ಆ ಗಂಬೋ ಮಾಡುತ್ತಿದ್ದವರು ಉಡುಪಿಯ ಕಡೆಯ ಒಬ್ಬ ಭಟ್ಟರು ಎಂದರೆ ಯಾರೂ ನಂಬುತ್ತಿರಲಿಲ್ಲ. ಜನಿವಾರ, ಸಂಧ್ಯಾವಂದನೆ, ಏಕಾದಶಿ ಎಲ್ಲ ಇದ್ದವರು, ಮೊಟ್ಟೆಯನ್ನೂ ಬಾಯಿಗೆ ಸೋಕಿಸದವರು. ದುಬೈಯದೇ ಡೇರಾ ಬಡಾವಣೆಯ ಒಂದು ಸಸ್ಯಾಹಾರಿ ಹೋಟೆಲಿಗೆಂದು ಬಂದಿದ್ದರು. ಅದು ಮುಚ್ಚಿಹೋದಾಗ ಹೊಟ್ಟೆಪಾಡಿಗೆ ಇಲ್ಲಿ ಸೇರಿದರು. ರೆಸ್ಟೋರೆಂಟ್ ಶುರುಮಾಡಿದ ಅಮೆರಿಕದ ಅಡುಗೆಯವನು ಇವರ ತೋಳಿಗೆ ಮರುಳಾದನಂತೆ. ಗಂಬೋದ ಜೀವವೆಲ್ಲ ಇರುವುದು ಕೋಳಿ ಹುರಿದು ಉಳಿದ ಎಣ್ಣೆಯಲ್ಲಿ ಮೈದಾ ಹಿಟ್ಟನ್ನು ಹುರಿಯುವುದರಲ್ಲಿ. ಮುಕ್ಕಾಲು ಗಂಟೆ ಕೈ ಬಿಡದೆ ತಿರುವಬೇಕು. ಮದುವೆಮನೆಗಳಲ್ಲಿ ಕೊಪ್ಪರಿಗೆಗಟ್ಟಲೆ ಕಾಶಿಹಲ್ವ ತಿರುವಿದ ಕೈಗೆ ಅದೇನು ದೊಡ್ಡದು? ಅಮೆರಿಕದವನು ತನ್ನ ಊರಿಗೆ ಹೋದ ಮೇಲೆ ಸೌಟು ಭಟ್ಟರ ಕೈಯಲ್ಲೇ ಉಳಿಯಿತು.

“ಬಾಯಿಗೆ ಹಾಕದೆ ಹೇಗೆ ಮಾಡ್ತೀರಿ ಭಟ್ರೇ?” ಎಂದು ಒಮ್ಮೆ ಕೇಳಿದ್ದೆ.

“ದೇವರ ನೈವೇದ್ಯವನ್ನು ರುಚಿ ನೋಡಿ ಮಾಡ್ತಾರಾ?” ಎಂದರು. “ನಮ್ಮ ಅಜ್ಜ ದೇವಸ್ಥಾನದಲ್ಲಿ ನಲವತ್ತು ವರ್ಷ ಅಡಿಗೆ ಮಾಡಿದ್ದು ಮೂಗಿನಲ್ಲಿ. ಮತ್ತೆ ಈ ಮೂಗು ಎಂತಕ್ಕೆ ಉಂಟು?”

ಹಿಟ್ಟು ಮೊದಲು ಹಸಿ ವಾಸನೆ ಬರುತ್ತದೆ, ಆಮೇಲೆ ಹುರಿಗಡಲೆ, ಆಮೇಲೆ ಹುರಿದ ಕಾಫಿ ಬೀಜ. ಕಾಫಿ ಬೀಜದಿಂದ ಒಂದೇ ಒಂದು ಗಳಿಗೆ ಆಚೆಗೆ ನಿಲ್ಲಿಸಬೇಕು, ಅದು ದಾಟಿದರೆ ಕಹಿ... ಹೀಗೆ ಅವರು ಕಣ್ಣು ಮುಚ್ಚಿಕೊಂಡು ವಿವರಿಸುತ್ತಿದ್ದರು. ಹೊರಗೆ ಮೇಜುಗಳಲ್ಲಿ ಕುಳಿತ ತೈಲ ಕಂಪನಿಯ ಬಿಳಿಯರು ಒಂದು ತುತ್ತು ಬಾಯಿಗಿಟ್ಟು ತಮ್ಮ ತಾಯಂದಿರನ್ನು ನೆನೆಸಿಕೊಳ್ಳುತ್ತಿದ್ದರು. ಒಳಗೆ ಭಟ್ಟರು ಮೊಸರನ್ನ ಉಣ್ಣುತ್ತಿದ್ದರು.

ನನಗೂ ಅವರಿಗೂ ಸ್ನೇಹವಾದದ್ದು ಜಗಳದಿಂದ. ಒಂದು ದಿನ ಸ್ಟಾಫ್ ಕ್ಯಾಂಟೀನಿಗೆ ಅವರು ಮಾಡಿದ ಸಾಂಬಾರು ತಿಂದು, “ಇದರಲ್ಲಿ ಉಪ್ಪು ಬಿಟ್ರೆ ಬೇರೆ ಎಂತ ಇಲ್ಲ” ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ನಾನು ಮೊದಲಿನಿಂದಲೂ ಕಡ್ಡಿ ಮುರಿದ ಹಾಗೆ ಮಾತಾಡುವವಳು. ನನ್ನನ್ನು ನೋಡಿ ಹೋದ ಗಂಡಿನ ಮನೆಯಲ್ಲಿ ಪಾಯಸಕ್ಕೆ ಬೆಲ್ಲ ಸಾಲದು ಎಂದು ಹೇಳಿ ಆ ಸಂಬಂಧವನ್ನೇ ತಪ್ಪಿಸಿಕೊಂಡವಳು. ಭಟ್ಟರು ಒಳಗಿನಿಂದ ಬಂದು ಸಾಂಬಾರನ್ನು ಅಂಗೈಗೆ ಹಾಕಿಕೊಂಡು ನೆಕ್ಕಿದರು. ಮುಖ ಹುಳಿ ಮಾಡಿ, “ಸತ್ಯ ಹೇಳಿದ್ದಿ” ಎಂದು ನಕ್ಕರು. ಅಂದಿನಿಂದ ನಾನು ಅವರಿಗೆ ತಂಗಿ. ಅವರದು ಬ್ರಾಹ್ಮಣರ ತುಳು, ನನ್ನ ತುಳು ಬೇರೆ. ಒಬ್ಬರನ್ನೊಬ್ಬರು ಗೇಲಿ ಮಾಡಿ ಸಾಕಾದಾಗ ಇಬ್ಬರೂ ಕನ್ನಡಕ್ಕೆ ಇಳಿಯುತ್ತಿದ್ದೆವು.

ಒಂದು ಜನವರಿಯಲ್ಲಿ ಭಟ್ಟರಿಗೆ ನೆಗಡಿ ಜ್ವರ ಬಂದು ಹದಿನೈದು ದಿನ ಮಲಗಿದರು. ಎದ್ದು ಬಂದ ಮೇಲೆ ಒಂದು ಮಧ್ಯಾಹ್ನ ಹಿಂದಿನ ಮೆಟ್ಟಿಲಲ್ಲಿ ನನ್ನನ್ನು ನಿಲ್ಲಿಸಿದರು. ಸುತ್ತ ನೋಡಿ, ದನಿ ತಗ್ಗಿಸಿ, “ತಂಗೀ, ನಂಗೆ ವಾಸನೆ ಬರುದಿಲ್ಲ” ಎಂದರು.

ಮೊದಲು ನನಗೆ ಅರ್ಥವಾಗಲಿಲ್ಲ. “ಕಾಫಿ ಕುಡಿದ್ರೆ ಕಹಿ ನೀರು ಕುಡಿದ ಹಾಗೆ. ಊದುಬತ್ತಿ ಹಚ್ಚಿದ್ರೆ ಬರೀ ಹೊಗೆ. ಡಾಕ್ಟರು ಹೇಳ್ತಾರೆ, ಬಂದ್ರೂ ಬಂದೀತು, ಬಾರದೆಯೂ ಇದ್ದೀತು ಅಂತ.”

ಅವರ ಹೆದರಿಕೆಗೆ ಕಾರಣವಿತ್ತು. ಆಗಷ್ಟೇ ಹೋಟೆಲನ್ನು ಹೊಸಬರು ಕೊಂಡುಕೊಂಡಿದ್ದರು. ಅಡುಗೆಮನೆಗೆ ಭಟ್ಟರನ್ನೇ ಮುಖ್ಯಸ್ಥರನ್ನಾಗಿ ಮಾಡುವ ಮಾತು ನಡೆದಿತ್ತು. ಹಾಗಾದರೆ ಊರಿನಲ್ಲಿರುವ ಹೆಂಡತಿಗೆ ಫ್ಯಾಮಿಲಿ ವೀಸಾ ಸಿಗುವಷ್ಟು ದೊಡ್ಡ ಕೆಲಸವಾಗುತ್ತದೆ, ಆಕೆ ಬರಬಹುದು. ಮದುವೆಯಾಗಿ ಹನ್ನೊಂದು ವರ್ಷವಾದರೂ ಗಂಡ ಹೆಂಡತಿ ಒಟ್ಟಿಗೆ ಇದ್ದದ್ದು, ರಜೆಗಳನ್ನೆಲ್ಲ ಸೇರಿಸಿದರೂ, ಒಂದು ವರ್ಷಕ್ಕೆ ಕಡಿಮೆ. ಆಕೆಯ ಪಾಸ್‌ಪೋರ್ಟ್ ಆಗಲೇ ಮಾಡಿಸಿ, ಅದರ ಜೆರಾಕ್ಸ್ ಪ್ರತಿಯನ್ನು ಭಟ್ಟರು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದರು. “ನೋಡು, ಸ್ಟೇಷನ್ನಿನಲ್ಲಿ ಕಳ್ಳಿಯನ್ನು ನಿಲ್ಲಿಸಿದ ಹಾಗೆ ಉಂಟು ಫೋಟೋ” ಎಂದು ನನಗೆ ಎಷ್ಟು ಸಲ ತೋರಿಸಿದ್ದರೋ. ಆಕೆ ಬಂದರೆ ಮೊದಲು ಊರ ನಡುವೆ ಹರಿಯುವ ಕಡಲ ಕಾಲುವೆ ಖೋರಿನಲ್ಲಿ ದೋಣಿ ಹತ್ತಿಸಬೇಕು, ಬರ್ ದುಬೈಯ ದೇವಸ್ಥಾನಕ್ಕೆ ಕರೆದುಕೊಂಡು ಹೋಗಬೇಕು ಎಂಬುದೆಲ್ಲ ತೀರ್ಮಾನವಾಗಿತ್ತು.

“ನಿನ್ನ ನಾಲಿಗೆ ಸುಳ್ಳು ಹೇಳುದಿಲ್ಲ. ದಿನಾ ಒಂದು ಚಮಚ ನೋಡಿ ಹೇಳು, ಸಾಕು” ಎಂದರು.

ಹಾಗೆ ನಾನು ಭಟ್ಟರ ಮೂಗಾದೆ. ದಿನವೂ ಕೆಲಸ ಮುಗಿಸಿ ಹಿಂದಿನ ಮೆಟ್ಟಿಲು ಹತ್ತಿ ಹೋಗುತ್ತಿದ್ದೆ. ಅವರು ಬಣ್ಣ ನೋಡಿ ಅಂದಾಜಿನಲ್ಲಿ ಹುರಿದಿರುತ್ತಿದ್ದರು. ನಾನು ಒಂದು ಚಮಚ ಬಾಯಿಗೆ ಹಾಕಿ “ಆಯ್ತು” ಎಂದರೆ ಆಯ್ತು, “ಇಲ್ಲ” ಎಂದರೆ ಇಲ್ಲ. ಯಾರಾದರೂ ಕೇಳಿದರೆ ಮೀನು ತಿನ್ನುವ ಮನೆಯ ಹುಡುಗಿ, ಆಸೆಗೆ ಬರುತ್ತಾಳೆ ಎಂದು ಭಟ್ಟರು ನನ್ನ ಮಾನ ತೆಗೆಯುತ್ತಿದ್ದರು. ಎರಡು ತಿಂಗಳು ಹೀಗೇ ನಡೆಯಿತು. ನಿಜ ಹೇಳುತ್ತೇನೆ, ನನಗೆ ಅದರಲ್ಲಿ ಹೆಮ್ಮೆಯೂ ಇತ್ತು.

ಹೊಸ ಮಾಲೀಕರ ಕಡೆಯವರು ಒಂದು ಗುರುವಾರ ಸಂಜೆ ಊಟಕ್ಕೆ ಬರುತ್ತಾರೆ, ಅದಾದ ಮೇಲೆ ಯಾರು ಮುಖ್ಯಸ್ಥರು ಎಂದು ತೀರ್ಮಾನ ಎಂದು ಗೊತ್ತಾಯಿತು. ಆ ವಾರದ ಮಂಗಳವಾರ ನಾನು ಚಮಚ ಬಾಯಿಗಿಟ್ಟು, “ಕಹಿ ಭಟ್ರೇ, ಚೆಲ್ಲಿ” ಎಂದೆ. ಅವರು ಇಡೀ ಪಾತ್ರೆ ಸುರಿದು ಮತ್ತೆ ಶುರುಮಾಡಿದರು. ಅದನ್ನು ನೋಡಿದ ರೆಸ್ಟೋರೆಂಟಿನ ಮ್ಯಾನೇಜರ್ ಎಲ್ಲರ ಎದುರು ಕೂಗಾಡಿದ. ಸಿಗಡಿಯೆಲ್ಲ ಚರಂಡಿಗೆ ಹೋಯಿತು, ಇನ್ನೊಂದು ಸಲ ಹೀಗಾದರೆ ಮೇಲಿನವರಿಗೆ ಬರೆಯುತ್ತೇನೆ ಎಂದ. ಭಟ್ಟರು ತಲೆ ತಗ್ಗಿಸಿ ಹಿಟ್ಟು ತಿರುವುತ್ತಿದ್ದರು. ಆ ತಗ್ಗಿದ ತಲೆ ನನ್ನ ಕಣ್ಣಿಗೆ ಕಟ್ಟಿತು. ಅದೇ ನನ್ನನ್ನು ಕೆಡಿಸಿತು.

ಗುರುವಾರ ಐದೂವರೆಗೆ ಹೋದೆ. ಅತಿಥಿಗಳು ಬರುವುದು ಏಳೂವರೆಗೆ. ಮ್ಯಾನೇಜರ್ ಅಲ್ಲೇ ಬಾಗಿಲ ಬಳಿ ನಿಂತು ಬಟ್ಟಲುಗಳ ಹೊಳಪು ನೋಡುತ್ತಿದ್ದ. ಭಟ್ಟರು ಚಮಚ ಕೊಟ್ಟರು. ಬಾಯಿಗೆ ಹಾಕಿದೆ. ನಾಲಿಗೆಯ ಹಿಂದೆ, ಗಂಟಲಿಗೆ ಇಳಿಯುವ ಜಾಗದಲ್ಲಿ, ಒಂದು ಎಳೆ ಕಹಿ ಇತ್ತು.

ಎರಡು ಗಂಟೆ ಇತ್ತು. ಚೆಲ್ಲಿದರೆ ಮತ್ತೆ ಮಾಡಲು ಉಸಿರು ಕಟ್ಟಿ ಸಾಲುತ್ತಿತ್ತು. ಆದರೆ ಮ್ಯಾನೇಜರ್ ನಿಂತಿದ್ದ. ಎಷ್ಟು ಮಹಾ ಕಹಿ, ಅನ್ನ ಸೇರಿದರೆ ಗೊತ್ತಾಗದು, ಕಾಳುಮೆಣಸು ಮುಚ್ಚಿಬಿಡುತ್ತದೆ ಎಂದುಕೊಂಡೆ.

“ಹೇಗುಂಟು?” ಎಂದರು ಭಟ್ಟರು. ಸೌಟನ್ನು ಪಾತ್ರೆಯೊಳಗಿಂದ ಎತ್ತಿ ಹಿಡಿದಿದ್ದರು.

“ಲಾಯ್ಕ್ ಉಂಟು ಭಟ್ರೇ.”

“ಕಹಿ ಇಲ್ಲ ಅಲ್ವಾ?”

“ಇಲ್ಲ.”

ಹುಟ್ಟಿದಂದಿನಿಂದ ಯಾರ ಮುಲಾಜೂ ನೋಡದ ಬಾಯಿ ಅವತ್ತು ಮುಲಾಜು ನೋಡಿತು.

ಮೇಜುಗಳು ಖಾಲಿ ಕಾಣಬಾರದೆಂದು, ಕೆಲಸ ಮುಗಿದ ಸಿಬ್ಬಂದಿಯೆಲ್ಲ ಒಳ್ಳೆಯ ಬಟ್ಟೆ ಹಾಕಿಕೊಂಡು ಗಿರಾಕಿಗಳ ಹಾಗೆ ಬಂದು ಕೂರಬೇಕೆಂದು ಮ್ಯಾನೇಜರ್ ಅಪ್ಪಣೆ ಮಾಡಿದ್ದ. ಇದ್ದ ಒಂದೇ ರೇಷ್ಮೆ ಸೀರೆ ಉಟ್ಟು, ರಿಸೆಪ್ಷನ್ನಿನ ಫಿಲಿಪಿನೋ ಹುಡುಗಿಯ ಜೊತೆ ಗೋಡೆಯ ತುತ್ತೂರಿಯ ಕೆಳಗೆ ಕುಳಿತೆ. ಆ ರೆಸ್ಟೋರೆಂಟಿನ ಮೇಜಿನಲ್ಲಿ ನಾನು ಕುಳಿತು ಉಂಡದ್ದು ಅದೊಂದೇ ಸಲ. ಮಡಚಿದ ಬಿಳಿ ಕರವಸ್ತ್ರ, ಮೇಣದಬತ್ತಿ, ಬಿಸಿ ಮೆಕ್ಕೆಜೋಳದ ಬ್ರೆಡ್ಡಿನ ತುಂಡು. ಎಲ್ಲ ಚೆಂದವಿತ್ತು. ಗಂಬೋ ಬಂತು. ಸಣ್ಣ ಉರಿಯಲ್ಲಿ ಎರಡು ಗಂಟೆ ಕುದಿದು ಕುದಿದು, ಐದೂವರೆಯ ಎಳೆ ಕಹಿ ಈಗ ಬಾಯಿ ತುಂಬ ಇತ್ತು.

ಮೂರು ಮೇಜುಗಳ ಆಚೆ ಮಾಲೀಕರ ಕಡೆಯ ಮೂವರು ಕುಳಿತಿದ್ದರು. ಅವರ ಮುಂದೆಯೂ ಬಟ್ಟಲು ಬಂತು. ಒಬ್ಬರು ಚಮಚ ಬಾಯಿಗಿಟ್ಟು ನೀರಿನ ಲೋಟಕ್ಕೆ ಕೈ ಹಾಕಿದರು. ಇನ್ನೊಬ್ಬರು ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ನಾನು ನನ್ನ ಬಟ್ಟಲನ್ನು ಕೊನೆಯ ಹನಿಯವರೆಗೆ ತಿಂದೆ. ಇನ್ನೊಂದು ಬಟ್ಟಲು ಕೇಳಿ ಅದನ್ನೂ ತಿಂದೆ. ಇಡೀ ಪಾತ್ರೆಯನ್ನು ನಾನೊಬ್ಬಳೇ ಮುಗಿಸಿದರೆ ಯಾರಿಗೂ ಸಿಗುವುದಿಲ್ಲ ಎಂಬ ಹುಚ್ಚು ಆಸೆ. ಜೊತೆಗಿದ್ದ ಹುಡುಗಿ, “ಆರ್ ಯು ಕ್ರೈಯಿಂಗ್?” ಎಂದಳು. ಖಾರ ಎಂದೆ.

ಆಮೇಲೆ ಅಡುಗೆಮನೆಯಲ್ಲಿ ನಡೆದದ್ದನ್ನು ಬೇರೆಯವರು ಹೇಳಿದರು. ಮ್ಯಾನೇಜರ್ ಪಾತ್ರೆಯನ್ನು ಭಟ್ಟರ ಮೂಗಿನ ಬಳಿ ಹಿಡಿದು, ಸೀದ ವಾಸನೆ ಬರುತ್ತಿಲ್ಲವೇ ಎಂದು ಕೇಳಿದನಂತೆ. ಭಟ್ಟರು, ಬರುತ್ತಿಲ್ಲ ಸರ್, ಎರಡು ತಿಂಗಳಿಂದ ಏನೂ ಬರುತ್ತಿಲ್ಲ ಎಂದು ಹೇಳಿಬಿಟ್ಟರಂತೆ. ವಾಸನೆ ಬಾರದ ಅಡುಗೆಯವನನ್ನು ಯಾವ ಹೋಟೆಲು ಇಟ್ಟುಕೊಳ್ಳುತ್ತದೆ? “ಖಲಾಸ್” ಎಂದು ಕೈ ಕೊಡವಿದನಂತೆ. ತಿಂಗಳೊಳಗೆ ವೀಸಾ ಕ್ಯಾನ್ಸಲ್ ಆಯಿತು. ನನ್ನ ಹೆಸರು ಮಾತ್ರ ಎಲ್ಲಿಯೂ ಬರಲಿಲ್ಲ. ಭಟ್ಟರು ಹೇಳಿರಲಿಲ್ಲ.

ಹೊರಡುವ ದಿನ ಮೂರು ಗಂಟೆಗೆ, ನನ್ನ ಕೆಲಸ ಮುಗಿಯುವ ಹೊತ್ತಿಗೆ ಸರಿಯಾಗಿ, ಹಿಂದಿನ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದರು. ನಾನು ಕಾಲು ಮುಟ್ಟಲು ಬಾಗಿದೆ, ಬಿಡಲಿಲ್ಲ. ಆಮೇಲೆ ಅವರೇ ಹೇಳಿದರು.

“ಆ ದಿನ ಬಣ್ಣ ನೋಡಿಯೇ ನಂಗೆ ಸಂಶಯ ಬಂದಿತ್ತು ತಂಗೀ. ಇರ್ಲಿ, ಒಂದು ಸಲ ದೇವರು ಕ್ಷಮಿಸ್ತಾನೆ, ಒಂದು ತೊಟ್ಟು ನಾನೇ ಬಾಯಿಗೆ ಹಾಕಿ ನೋಡುವಾ ಅಂತ ಸೌಟು ಎತ್ತಿದ್ದೆ. ನೀನು ಇಲ್ಲ ಅಂದಿಯಲ್ಲ... ಕೆಳಗಿಟ್ಟೆ.”

ನನ್ನ ಮುಖವನ್ನೇ ನೋಡಿ ಕೇಳಿದರು.

“ಕಹಿ ಇತ್ತಾ?”

ಹೌದೆಂದು ತಲೆಯಾಡಿಸಿದೆ. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಇಷ್ಟು ವರ್ಷ ಸುಲಭವಾಗುತ್ತಿತ್ತು.

“ಹೇಳ್ಬೇಕಿತ್ತು ಮಾರಾಯ್ತಿ” ಎಂದರು, ಅಷ್ಟೇ. ಟ್ಯಾಕ್ಸಿ ಹತ್ತಿದರು.

ನಾನು ಪತ್ರ ಬರೆಯಲಿಲ್ಲ. ಏನೆಂದು ಬರೆಯುವುದು... ಕೆಲವು ವರ್ಷಗಳ ಮೇಲೆ, ಮದುವೆಯಾಗಿ ಅಬುಧಾಬಿಗೆ ಬಂದ ನಂತರ, ಕನ್ನಡದವರ ಒಂದು ರಾಜ್ಯೋತ್ಸವದ ಊಟದ ಸಾಲಿನಲ್ಲಿ ಭಟ್ಟರ ಹಳೆಯ ರೂಮ್‌ಮೇಟ್ ಸಿಕ್ಕರು. ಕೈಯಲ್ಲಿ ತಟ್ಟೆ ಹಿಡಿದುಕೊಂಡೇ, “ಭಟ್ರು ಹೋದ್ರಲ್ಲ, ಗೊತ್ತಿಲ್ವಾ?” ಎಂದರು. ಮೂಗು ಮತ್ತೆ ಸರಿಯಾಗಲೇ ಇಲ್ಲವಂತೆ. ಅಡುಗೆ ಬಿಟ್ಟು, ಬಹರೈನಿನ ಒಂದು ಗೋದಾಮಿನಲ್ಲಿ ಕೆಲಸಕ್ಕೆ ಮತ್ತೆ ಒಬ್ಬರೇ ಹೋದರಂತೆ. ಅಲ್ಲಿಯೇ ಎದೆನೋವು ಬಂದು ಮುಗಿಯಿತಂತೆ. ಹೆಂಡತಿಯ ಪಾಸ್‌ಪೋರ್ಟಿನ ಒಂದು ಪುಟಕ್ಕೂ ಮುದ್ರೆ ಬೀಳಲಿಲ್ಲ. ಅವತ್ತು ನನ್ನ ತಟ್ಟೆಗೆ ಏನು ಬಡಿಸಿದರು, ನಾನು ಏನು ತಿಂದೆ, ಒಂದೂ ನೆನಪಿಲ್ಲ.

ನಮ್ಮ ಮನೆಯಲ್ಲಿ ಈಗ ನನಗೆ ಅಡುಗೆ ಬಡಿಸಲು ಎಲ್ಲರಿಗೂ ಹೆದರಿಕೆ. ಮಗಳು ಮೊದಲ ಸಲ ಮಾಡಿದ ಚಪಾತಿಗೂ ನಾನು ಒಳ್ಳೆಯ ಮಾತು ಹೇಳಲಿಲ್ಲ. ಎಷ್ಟು ಕಲ್ಲು ಹೃದಯ ನಿನ್ನದು ಎಂದು ಗಂಡ ತಮಾಷೆ ಮಾಡುತ್ತಾರೆ. ಯಾಕೆಂದು ನಾನು ಯಾರಿಗೂ ಹೇಳಿಲ್ಲ.

ಕಳೆದ ವಾರ ಆ ಸೀದ ಹಿಟ್ಟನ್ನು ಚೆಲ್ಲುವ ಮೊದಲು ಚಮಚದ ತುದಿಯಲ್ಲಿ ತೆಗೆದು ಬಾಯಿಗೆ ಹಾಕಿಕೊಂಡೆ. ನಾಲಿಗೆಯ ಹಿಂದೆ, ಅದೇ ಜಾಗದಲ್ಲಿ, ಅದೇ ರುಚಿ. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ, ಯಾರೂ ಏನೂ ಕೇಳಿರಲಿಲ್ಲ. ಆದರೂ ಗಟ್ಟಿಯಾಗಿ ಹೇಳಿದೆ.

“ಕಹಿ ಉಂಟು ಭಟ್ರೇ. ಚೆಲ್ಲಿ.”