ಅಳಿಯನ ಆಲೂಗಡ್ಡಿ

ಶಹಾಪುರದ ಮಾರ್ಕೆಟ್ಟಿನ ನೀಲಮ್ಮ ಒಂದೊಂದು ಆಲೂಗಡ್ಡೆಯನ್ನೂ ಹೆಬ್ಬೆರಳಿನಿಂದ ಒತ್ತಿ ನೋಡದೆ ತಕ್ಕಡಿಗೆ ಹಾಕುವುದಿಲ್ಲ. ಅವತ್ತು ಆಕೆಯ ಮುಂದಿದ್ದವೆಲ್ಲ ನಿಂಬೆಹಣ್ಣಿನಷ್ಟೇ ಇದ್ದವು. ನನಗೆ ಮುಷ್ಟಿಗಿಂತ ದೊಡ್ಡವು ಆರು ಬೇಕಿದ್ದವು. ಮರುದಿನ ನಮ್ಮ ಕಾಲೇಜಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ, ಮೂರು ಅಂಗಡಿ ತಿರುಗಿ ಬರಿಗೈಲಿ ಬಂದಿದ್ದೆ.

“ದೊಡ್ಡವು ಇಲ್ಲೇನ್ರಿ?” ಎಂದು ಮೆಲ್ಲಗೆ ಕೇಳಿದೆ.

“ದೊಡ್ಡವು ಚಿಪ್ಸ್ ಮಾಡೋರ ಪಾಲಾಗ್ಯಾವ್ರಿ ಟೀಚರ್. ಮೊದಲ ಒಂದೇ ಚೀಲದಾಗ ಸಣ್ಣವು ದೊಡ್ಡವು ಕೂಡೇ ಬರ್ತಿದ್ವು. ಈಗ ಆರಿಸಿ ಉಳಿದದ್ದು ನಮಗ. ಎಷ್ಟು ಮಂದಿಗಿ ಪಲ್ಯ?”

“ತಿನ್ನಾಕಲ್ಲರಿ.”

ಆಸ್ಮೋಸಿಸ್‌ಗೆ ಕನ್ನಡದಲ್ಲಿ ಏನನ್ನುತ್ತಾರೋ ನನಗೆ ಗೊತ್ತಿರಲಿಲ್ಲ. ಗಡ್ಡೆಯನ್ನು ಬಟ್ಟಲಿನಂತೆ ಕೊರೆದು ಸಕ್ಕರೆ ನೀರು ತುಂಬಿ ನೀರಿನ ತಟ್ಟೆಯಲ್ಲಿಟ್ಟರೆ, ಅದು ಹೊರಗಿನ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ ಎಂದು ಕೈಸನ್ನೆ ಮಾಡಿ ತಿಳಿಸಿದೆ.

“ಯವ್ವಾ! ನಾಳಿ ಗಡ್ಡಿನೂ ಪರೀಕ್ಷಾ ಬರೀತಾವ ಅನ್ರಿ!” ನೀಲಮ್ಮ ಬಿದ್ದು ಬಿದ್ದು ನಕ್ಕಳು. ಆಮೇಲೆ ತಾನು ಕೂತ ಗೋಣಿತಟ್ಟಿನ ಕೆಳಗಿಂದ ಒಂದು ಗಂಟು ಎಳೆದಳು. ಒಳಗೆ ಸರಿಯಾಗಿ ಆರು, ಒಂದೊಂದೂ ದಪ್ಪ.

“ನನ್ನ ಅಳಿಯ ಬರಾಂವ ಅದಾನ್ರಿ. ಅವಂಗ ಅಂಗೈ ಅಗಲದ ಬಜಿನೇ ಆಗಬೇಕು. ಇರ್ಲಿ, ಹುಡುಗ್ರು ಪಾಸಾಗ್ಲಿ.”

ಅವನ್ನೂ ಒಂದೊಂದಾಗಿ ಒತ್ತಿ ನೋಡಿಯೇ ತೂಗಿದಳು. ನಾನು ಹೊರಟಾಗ ಹಿಂದಿನಿಂದ ಕೂಗಿದಳು.

“ಟೀಚರ್, ಕೊರೆದ ತಿರುಳು ಚೆಲ್ಲಬ್ಯಾಡ್ರಿ! ನಾಳಿ ಸಂಜೀಕ ತಂದುಕೊಡ್ರಿ, ಅಳಿಯಗ ಬೋಂಡಾನರ ಮಾಡ್ತೀನಿ.”

ಹೋದ ವಾರವಷ್ಟೇ ಜಿರಳೆ ಕೊಯ್ದಿದ್ದ ನಮ್ಮ ಲ್ಯಾಬಿನ ಚಾಕು ಕಣ್ಣಮುಂದೆ ಬಂತು. ನಾನು ಆಟೊ ಹುಡುಕುವವಳಂತೆ ರಸ್ತೆಯ ಕಡೆಗೇ ನೋಡುತ್ತ ನಿಂತೆ.