ಪೆಪ್ಪರಮಿಂಟ್ ಬಿಟ್ಟು ಹೋಗಲಿಲ್ಲ

ಸುಮ್ಮನಿರಬೇಕಾದ ಕಡೆ ಬಾಯಿ ಬಿಡುವುದು ನನ್ನ ಹಳೆಯ ರೋಗ. ಮೊನ್ನೆ ನೆಗಡಿಯೆಂದು ಮುಲಾಮು ಸವರಿಕೊಂಡೆ. ಪೆಪ್ಪರಮಿಂಟ್ ವಾಸನೆ ನೆತ್ತಿಗೇರಿತು. ಅದರ ಹಿಂದೆಯೇ ಶಿಕಾರಿಪುರದ ಕಾಲೇಜಿನ ಕೆಮಿಸ್ಟ್ರಿ ಮೇಷ್ಟ್ರೂ ಬಂದರು...

ಎಪ್ಪತ್ತರ ದಶಕದ ಕೊನೆ. ನಾನು ಸೊರಬದಿಂದ ಬಸ್ಸಿಗೆ ಜೋತುಬಿದ್ದು ಬರುವ ಬಿ.ಎಸ್ಸಿ. ಹುಡುಗ. ಕಂಡಕ್ಟರನಿಂದ ಪ್ರಿನ್ಸಿಪಾಲರ ತನಕ ಎಲ್ಲರ ದನಿಯನ್ನೂ ಅಣಕಿಸಿ ತೆಗೆಯುತ್ತಿದ್ದೆ. ನನ್ನದು ಯಾವುದೆಂದು ನನಗೇ ಮರೆತಿತ್ತು. ಮೇಷ್ಟ್ರು ಪಾಠ ಮುಗಿದ ಮೇಲೂ ಲ್ಯಾಬಿನಲ್ಲೇ ಉಳಿದು ಡಾಕ್ಟರೇಟಿನ ಪ್ರಯೋಗ ನಡೆಸುತ್ತಿದ್ದರು. ಆ ವರ್ಷ ಮುಗಿಸದಿದ್ದರೆ ನೋಂದಣಿಯೇ ರದ್ದು.

ಕೆಲವು ಅಣುಗಳು ಎಡಗಾಲು ಬಲಗಾಲಿನ ಚಪ್ಪಲಿಯಂತೆ ಎರಡು ಬಗೆ. ಸುಮ್ಮನೆ ತಯಾರಿಸಿದರೆ ಎರಡೂ ಸಮಸಮ ಹುಟ್ಟುತ್ತವೆ. ಮೇಷ್ಟ್ರಿಗೆ ಒಂದೇ ಕಾಲಿನದು ಬೇಕಿತ್ತು. ಅದಕ್ಕೇ ಸಾಬರ ಔಷಧಿ ಅಂಗಡಿಯಿಂದ ಪೆಪ್ಪರಮಿಂಟ್ ಹರಳು, ಅಂದರೆ ಮೆಂಥಾಲ್, ತಂದು ತಮ್ಮ ಆಮ್ಲಕ್ಕೆ ಅಂಟಿಸುತ್ತಿದ್ದರು. ಅದು ಒಂದು ಮಗ್ಗುಲಿಗೆ ಅಡ್ಡ ನಿಂತರೆ ಹೊಸ ಭಾಗ ಇನ್ನೊಂದು ಮಗ್ಗುಲಿಂದಲೇ ಬಂದು ಸೇರಬೇಕು. ಆಮೇಲೆ ಪೆಪ್ಪರಮಿಂಟನ್ನು ಬಿಡಿಸಿ ತೊಳೆದು ತೆಗೆಯಬೇಕು.

"ಇವನು ದಾರಿ ತೋರ್ಸೋನು ಕಣ್ರೋ. ಕೆಲಸ ಆದ್ಮೇಲೆ ಇವನು ಇಲ್ಲಿರಬಾರ್ದು" ಎನ್ನುತ್ತಿದ್ದರು, ಮೂಗಿನಲ್ಲೇ ಎಳೆದು.

ಒಂದೇ ಬಗೆಯದಾದರೆ ಅದು ಬೆಳಕನ್ನು ಒಂದು ಕಡೆಗೆ ತಿರುಗಿಸುತ್ತದೆ; ಎರಡೂ ಸಮಸಮ ಬೆರೆತಿದ್ದರೆ ತಿರುವೇ ಇಲ್ಲ. ಅದನ್ನು ಅಳೆಯುವ ಉಪಕರಣ ಇದ್ದದ್ದು ದೂರದ ವಿಶ್ವವಿದ್ಯಾಲಯದಲ್ಲಿ. ಒಂದು ದಿನ ಅಲ್ಲಿಗೆ ಹೋಗಿ ಅರಳಿದ ಮುಖದಲ್ಲಿ ಬಂದರು. ಬೆಳಕು ಚೆನ್ನಾಗಿಯೇ ಎಡಕ್ಕೆ ತಿರುಗಿತ್ತಂತೆ! ನಮಗೆಲ್ಲ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಡಿಸಿ, ಸೀಸೆಯನ್ನು ನೋಡಲು ಕೊಟ್ಟರು. ನಾನು ಮೂಸಿದೆ. ಅವರದೇ ದನಿ ತೆಗೆದೆ:

"ಕೆಲಸ ಆದ್ಮೇಲೂ ಇವನು ಇಲ್ಲೇ ಕೂತಿದಾನಲ್ರೋ!"

ಎಲ್ಲರೂ ನಕ್ಕರು. ಮೇಷ್ಟ್ರು ಸೀಸೆಯನ್ನು ಮೂಗಿಗೆ ಹಿಡಿದರು. ವರ್ಷಗಟ್ಟಲೆ ಅದೇ ವಾಸನೆಯಲ್ಲಿ ಕೂತ ಮೂಗು, ಅದಕ್ಕೇನೂ ತಿಳಿಯಲಿಲ್ಲ.

"ತಮಾಷೆ ಬಿಡು. ನಿಜಕ್ಕೂ ಬರ್ತದಾ?"

"ಬರ್ತದೆ ಸಾರ್..."

ಪೆಪ್ಪರಮಿಂಟೂ ಬೆಳಕನ್ನು ಎಡಕ್ಕೇ ತಿರುಗಿಸುತ್ತದೆ. ಮತ್ತೆ ಮತ್ತೆ ತೊಳೆದು ಅಳೆಸಿದಾಗ ಆ ತಿರುವು ಇಲ್ಲವೆನ್ನುವಷ್ಟಕ್ಕೆ ಇಳಿದಿತ್ತು; ಮೊದಲು ಕಂಡದ್ದೆಲ್ಲ ಪೆಪ್ಪರಮಿಂಟಿನದೇ. ಮುಚ್ಚಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲವೇನೋ. ಮೇಷ್ಟ್ರು ಮುಚ್ಚಿಡಲಿಲ್ಲ. ಮೊದಲಿಂದ ಶುರುಮಾಡಲು ಕಾಲವೂ ಉಳಿದಿರಲಿಲ್ಲ.

ಅವರು ಈಗಿಲ್ಲ. ಡಾಕ್ಟರ್ ಎನಿಸಿಕೊಳ್ಳದೆಯೇ ಹೋದರು. ಅವರ ದನಿಯನ್ನು ನಾನು ಈಗಲೂ ತೆಗೆಯಬಲ್ಲೆ. ಕೇಳಿ ನಗುವವರು ಮಾತ್ರ ಯಾರೂ ಉಳಿದಿಲ್ಲ. ಆ ಎರಡನೆಯ ಅಳತೆ ಬಂದ ದಿನ ಸಂಜೆ ಲ್ಯಾಬಿನ ಬಾಗಿಲಲ್ಲಿ ನಿಂತು, ನನ್ನದೇ ದನಿ ಹುಡುಕಿಕೊಂಡು, "ತಪ್ಪಾಯ್ತು ಸಾರ್, ನನ್ನ ಬಾಯೇ ಸರಿಯಿಲ್ಲ" ಎಂದಿದ್ದೆ. ಗಾಜಿನ ಸಾಮಾನು ಒರೆಸುತ್ತಿದ್ದವರು ತಿರುಗಿಯೂ ನೋಡಲಿಲ್ಲ.

"ಬಾಯಿ ಸರಿಯಿಲ್ಲ, ನಿಜ. ಮೂಗು ಸರಿಯಿದೆ. ಹೋಗು, ಬಸ್ ತಪ್ತದೆ."