ಗೋಡೆಯ ಮೇಲಿನ ಆಕಾಶ ತಿದ್ದುವ ಮಂಗಲಕ್ಕ

ಬೆಳಗಿನ ಆರೂವರೆ. ಹಲಕರ್ಣಿ ಕಡೆಯ ಒಂದು ಕನ್ನಡ ಶಾಲೆಯ ಅಂಗಳದಲ್ಲಿ ಮಂಗಲ ಕೇದಾರಿ ಎರಡು ಬೆಂಚುಗಳನ್ನು ಒಂದರ ಮೇಲೊಂದು ಹೇರಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮೇಲೆ ನಿಂತಿದ್ದಾರೆ. ಚಳಿ ಇನ್ನೂ ಬಿಟ್ಟಿಲ್ಲ. ಡಬ್ಬಿಯೊಳಗಿನ ಬಿಳಿ ಬಣ್ಣ ಮಂದವಾಗಿ ಕುಂಚಕ್ಕೇ ಹತ್ತುತ್ತಿಲ್ಲ. ಅವರು ಅಲ್ಲಿಂದಲೇ ಗೊಣಗುತ್ತಾರೆ: “ಎರಡ ಹೆಸರ ಅಳಸೋದು, ಎರಡ ಹೆಸರ ಬರಿಯೋದು. ಒಂದ ತಾಸಿನ ಕೆಲಸ. ಇದಕ್ಕ ನನಗ ನಾಕ ತಿಂಗಳ ಹಿಡೀತ್ರಿ, ನಾಕ ತಿಂಗಳ!”

ಅವರ ಎದುರಿಗಿರುವುದು ಆಳೆತ್ತರಕ್ಕೂ ಮಿಕ್ಕ ಒಂದು ಚಿತ್ರ. ಕೆಳಗೆ ಹಸಿರು ನೆಲ, ಅದರ ಮೇಲೆ ಐದು ಬಣ್ಣದ ಐದು ಪಟ್ಟಿಗಳು. ಭೂಮಿಯನ್ನು ಸುತ್ತಿಕೊಂಡಿರುವ ಗಾಳಿಯ ಐದು ಪದರಗಳು ಇವು. ಮಹಾರಾಷ್ಟ್ರದ ಗಡಿಂಗ್ಲಜ, ಚಂದಗಡ ಭಾಗದ ಏಳು ಕನ್ನಡ ಶಾಲೆಗಳಲ್ಲಿ ಈ ಚಿತ್ರವಿದೆ. ಏಳನ್ನೂ ಬರೆದವರು ಮಂಗಲ. ಏಳರಲ್ಲೂ ಒಂದೇ ತಪ್ಪಿತ್ತು.

ನಲವತ್ಮೂರರ ಮಂಗಲ ಅವರದು ಇಚಲಕರಂಜಿಯಲ್ಲಿ ಮನೆ. ಗಂಡ ಬಸವಂತ ಮಗ್ಗದ ಶೆಡ್ಡಿನಲ್ಲಿ ಕೆಲಸಗಾರ. ಮಂಗಲ ಕೂಡ ಮದುವೆಯಾದ ಹೊಸದರಲ್ಲಿ ಅಲ್ಲೇ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಕುಂಚ ಹಿಡಿಯಲು ಕಲಿಸಿದವರು ತಂದೆ ರಾಯಪ್ಪ. ಅಂಗಡಿ ಬೋರ್ಡು, ಲಾರಿಯ ಹಿಂಬದಿ, ಹಾಲಿನ ಡೇರಿಯ ಗೋಡೆ, ಎಲ್ಲದರ ಮೇಲೂ ಮರಾಠಿ, ಕನ್ನಡ ಎರಡನ್ನೂ ದುಂಡಗೆ ಬರೆಯುತ್ತಿದ್ದ ಮನುಷ್ಯ. ಫ್ಲೆಕ್ಸ್ ಬಂದ ಮೇಲೆ ಬೋರ್ಡಿನ ಕೆಲಸ ನಿಂತೇಹೋಯಿತು. ಉಳಿದದ್ದು ಶಾಲೆಯ ಗೋಡೆಗಳು ಮಾತ್ರ. ದೊಡ್ಡ ಗೋಡೆಗೆ ಎರಡು ದಿನ ಬೇಕು. ದಿನಕ್ಕೆ ಒಂಬತ್ತು ತಾಸು ನಿಂತೇ ಇರಬೇಕು. ಬಣ್ಣದ ಡಬ್ಬಿ ಕಂಡ ಕೂಡಲೇ ಬಸ್ಸಿನ ಕಂಡಕ್ಟರ್ ಮುಖ ಗಂಟಿಕ್ಕುತ್ತಾರೆ. “ಡಬ್ಬಿಗೂ ಒಂದ ಸೀಟ ಕೊಡ್ರಿ, ತಿಕೀಟ ತಗೋತೇನಿ ಅಂದ್ರೂ ಬೈತಾರ,” ಎನ್ನುತ್ತಾರೆ ಮಂಗಲ.

ಕಳೆದ ಆಗಸ್ಟಿನಲ್ಲಿ ಇಚಲಕರಂಜಿಯ ಗುತ್ತಿಗೆದಾರ ಜಿನೇಶ ಈ ಏಳು ಶಾಲೆಗಳ ಕೆಲಸ ಕೊಟ್ಟರು, ಜೊತೆಗೊಂದು ಅಚ್ಚಾದ ಹಾಳೆ. ಹಾಳೆಯಲ್ಲಿ ಇದ್ದಂತೆ ಗೋಡೆಗೆ ಇಳಿಸುವುದಷ್ಟೇ ಕೆಲಸ. ಮಂಗಲ ಮಹಾಗಾಂವದ ಚಿಕ್ಕಮ್ಮ ಮುದಕವ್ವನ ಮನೆಯಲ್ಲಿ ಉಳಿದುಕೊಂಡು, ನಸುಕಿನ ಬಸ್ಸು ಹಿಡಿದು ಓಡಾಡಿ, ತಿಂಗಳೊಳಗೆ ಮುಗಿಸಿದರು. ಎಲ್ಲರೂ ಭಾಳ ಚಲೋ ಆಗೇತಿ ಎಂದರು. ಜಿನೇಶ ಫೋಟೋ ತೆಗೆದು ಶಿಕ್ಷಣ ಇಲಾಖೆಯ ಕಚೇರಿಗೆ ಕಳಿಸಿದರು.

ದೀಪಾವಳಿಗೆ ಮುಂಚೆ ನೇಸರಿಯ ಬಸ್ ಸ್ಟ್ಯಾಂಡಿನಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳು ಅವರನ್ನು ಹಿಡಿದು ನಿಲ್ಲಿಸಿದಳು. ಹೆಸರು ಪ್ರಣಾಲಿ.

“ಪೇಂಟರ್ ಅಕ್ಕಾ, ನಿಮ್ಮ ಗ್ವಾಡಿ ನೋಡಿ ಪರೀಕ್ಷಾದಾಗ ಬರದ್ನಿ. ತಪ್ಪ ಅಂತ ಗೀಟ ಹೊಡದಾರ.”

“ಏನ್ ಬರದಿ?”

“ಓಝೋನ್ ಮಧ್ಯಂತರ ಮಂಡಲದಾಗ ಇರತೈತಿ ಅಂತ. ಗ್ವಾಡಿ ಮ್ಯಾಲ ಹಂಗ ಐತಲ್ರಿ. ಪುಸ್ತಕದಾಗ ಬ್ಯಾರೇನ ಐತಿ.”

ಮಂಗಲ ಅಲ್ಲೇ ಹುಡುಗಿಯ ಪುಸ್ತಕ ಇಸಿದುಕೊಂಡು ಓದುತ್ತ ನಿಂತರು. ಬಸ್ಸು ಬಂದು ಹೋಯಿತು. ಕೆಳಗಿನಿಂದ ಎರಡನೆಯದು ಸಮೋಷ್ಣ ಮಂಡಲ, ಮೂರನೆಯದು ಮಧ್ಯಂತರ ಮಂಡಲ. ಹಾಳೆಯಲ್ಲಿ ಎರಡೂ ಹೆಸರು ಅದಲುಬದಲಾಗಿದ್ದವು. ಓಝೋನನ್ನು ಎರಡನೇ ಪಟ್ಟಿಯಲ್ಲಿ ತೋರಿಸಿದ್ದ ಚಿತ್ರ ಸರಿ, ಹೆಸರು ತಪ್ಪು. “ಹಾಳಿ ಮಾಡಿದವ್ರ ತಪ್ಪ ಖರೆ. ಆದ್ರ ನಾನೂ ಏಳನೇತ್ತಾ ಮಟಾ ಕಲ್ತಾಕಿನ. ಏಳ ಸಲ ಬರದೇನಿ, ಒಂದ ಸಲಾನೂ ಓದಿಲ್ಲ,” ಎನ್ನುವಾಗ ಅವರ ದನಿ ಕುಗ್ಗುತ್ತದೆ.

ಜಿನೇಶರಿಗೆ ಫೋನ್ ಮಾಡಿದರೆ ಅವರು ನಕ್ಕು, ಅರ್ಧ ಮರಾಠಿಯಲ್ಲೇ ಹೇಳಿದರು. “ಅಹೋ ತಾಯಿ, ಕೋಣ ವಾಚತಂಯ ತೇ? ಯಾರ್ ಓದ್ತಾರ ಅದನ್ನ? ಕೆಲಸ ಮುಗದೈತಿ, ಬಿಡ್ರಿ.”

“ಓದ್ಯಾಳಲ್ರಿ ಒಬ್ಬಾಕಿ! ಮಾರ್ಕ ಹೋಗ್ಯಾವಲ್ರಿ ಆಕೀವು!” ಎಂದು ಇವರು ಕೂಗುವಷ್ಟರಲ್ಲಿ ಫೋನ್ ಇಟ್ಟಾಗಿತ್ತು.

ಪ್ರಣಾಲಿಯ ಶಾಲೆಯಲ್ಲಿ ವಿಜ್ಞಾನ ಕಲಿಸುವ ಉಜ್ವಲಾ ಬಾಯಿ ಮರುದಿನವೇ ತಿದ್ದಿಸಿದರು. ಉಳಿದ ಆರು ಶಾಲೆಗಳಲ್ಲಿ ಮಾತ್ರ ಒಂದೇ ಉತ್ತರ: ಮೇಲಿನಿಂದ ಕಾಗದ ತನ್ನಿ. ಮಂಗಲ ಮೂರು ಸಲ ಕಚೇರಿಗೆ ಹೋದರು. ಮೊದಲ ಸಲ ಸಾಹೇಬರು ಇರಲಿಲ್ಲ. ಎರಡನೇ ಸಲ, ಅರ್ಜಿ ಗುತ್ತಿಗೆದಾರರೇ ಕೊಡಬೇಕೆಂದರು. ಮೂರನೇ ಸಲ ಗುಮಾಸ್ತರೊಬ್ಬರು ಕಂಪ್ಯೂಟರಿನಲ್ಲಿ ಗೋಡೆಯ ಫೋಟೋ ತೆಗೆದು ತೋರಿಸಿ, ದಾಖಲೆಯಲ್ಲಿ ಹೀಗಿದೆ, ಗೋಡೆಯೂ ಹೀಗೇ ಇರಬೇಕು ಎಂದರು.

“ಅಂದ್ರ ಗ್ವಾಡಿ ತಪ್ಪ ಇದ್ರೂ ನಡೀತೈತಿ, ಫೋಟೋಕ್ಕ ಹೊಂದಿದ್ರ ಸಾಕು ಅಂತೀರೇನ್ರಿ?” ಎಂದು ಕೇಳಿದರಂತೆ ಮಂಗಲ. ಗುಮಾಸ್ತರು ಊಟಕ್ಕೆ ಎದ್ದರು. “ತಪ್ಪ ಬರಿಯೂ ಮುಂದ ನನಗ ಯಾರೂ ಕಾಗದ ಕೇಳಲಿಲ್ಲ. ತಿದ್ದತೇನಿ ಅಂದ್ರ ಎಲ್ಲಾರಿಗೂ ಕಾಗದ ಬೇಕು. ತಲೀ ಚಚ್ಚಕೋಬೇಕ ನೋಡ್ರಿ!”

ದಾರಿ ತೋರಿಸಿದವರು ಉಜ್ವಲಾ ಬಾಯಿಯೇ. ಸಣ್ಣಪುಟ್ಟ ದುರಸ್ತಿಗೆ ಶಾಲೆಯ ಸಮಿತಿಯ ಒಪ್ಪಿಗೆ ಸಾಕು ಎಂದರು. ಅಲ್ಲಿಂದ ಮಂಗಲ ಒಂದೊಂದೇ ಊರಿನ ಸಮಿತಿಯ ಮುಂದೆ ಹೋಗಿ ನಿಂತರು. ಒಂದು ಕಡೆ ಸಭೆಗೆ ಜನ ಕೂಡಲಿಲ್ಲ, ಇನ್ನೊಂದು ಕಡೆ ಕಬ್ಬಿನ ಕಡಿತ ಮುಗಿಯಲಿ ಎಂದರು. ಮತ್ತೊಂದು ಕಡೆ ತಪ್ಪು ಎಲ್ಲಿದೆ ಎಂದು ತೋರಿಸಲು ಐದು ಪದರಗಳ ಪಾಠವನ್ನೇ ಹೇಳಬೇಕಾಯಿತು.

ಆ ಪಾಠ ಈಗ ಅವರಿಗೆ ಬಾಯಿಪಾಠ. ಇವತ್ತೂ ಶಾಲೆಗೆ ಬೇಗ ಬಂದ ಮಕ್ಕಳು ಬೆಂಚಿನ ಸುತ್ತ ನೆರೆದಿದ್ದಾರೆ. ಮಂಗಲ ಕುಂಚದ ತುದಿಯಿಂದ ತೋರಿಸುತ್ತಾರೆ. “ಕೆಳಗಿಂದು ಪರಿವರ್ತನಾ ಮಂಡಲ. ಮಳಿ, ಮೋಡ, ಗುಡುಗು ಎಲ್ಲಾ ಇದ್ರಾಗ. ನಾವು ಉಸರ ಆಡೋ ಗಾಳೀನೂ ಇದ. ಮ್ಯಾಲ ಹೋದಂಗ ಥಂಡಿ ಆಗ್ತೈತಿ.”

“ಮ್ಯಾಲ ಹೋದ್ರ ಸೂರ್ಯಾ ಹತ್ರ ಆಗ್ತಾನಲ್ರಿ? ಥಂಡಿ ಹೆಂಗ?” ಆರನೇ ತರಗತಿಯ ರುಪಾಲಿಯ ಪ್ರಶ್ನೆ.

“ನಾನೂ ಉಜ್ವಲಾ ಬಾಯರಿಗೆ ಇದನ್ನ ಕೇಳಿದ್ನಿ. ಬಿಸಲಿಗೆ ಮೊದ್ಲ ಕಾಯೋದು ನೆಲಾ. ನೆಲದಿಂದ ಗಾಳಿ ಕಾಯ್ತೈತಿ. ನಿಮ್ಮವ್ವ ರೊಟ್ಟಿ ಬೇಯಸೂ ಹಂಚಿನ ಮ್ಯಾಲ ಕೈ ಹಿಡದ ನೋಡು, ಕೈ ಎತ್ತಿದಂಗ ಕಾವ ಕಡಿಮಿ ಆಗ್ತೈತಿ, ಹೌದಿಲ್ಲೋ? ಎರಡನೇದ್ರಾಗ ಓಝೋನ್ ಐತಿ. ಅದು ಬಿಸಲಿನ್ಯಾಗಿನ ಕೆಟ್ಟ ಕಿರಣಾ ಹೀರಿಕೊಂಡು ತಾ ಬಿಸಿ ಆಗ್ತೈತಿ, ಅದಕ್ಕ ಅಲ್ಲಿ ಮ್ಯಾಲ ಹೋದಂಗ ಮತ್ತ ಬಿಸಿ. ಮೂರನೇದ್ರಾಗ ತಿರಗಿ ಥಂಡಿ, ಭಾಳ ಥಂಡಿ. ಉಲ್ಕಾ ಉರದ ಹೋಗೋದ ಅಲ್ಲೇ. ನಾಕನೇದು ಉಷ್ಣತಾ ಮಂಡಲ, ಕಡೀಕ ಬಾಹ್ಯ ಮಂಡಲ. ಅದರಾಚೆ ಗಾಳಿ ಇಲ್ಲಂದ್ರೂ ನಡೀತೈತಿ.”

ಉಳಿದ ಆರು ಗೋಡೆಗಳು ಆಗಲೇ ತಿದ್ದಿ ಮುಗಿದಿವೆ; ಈ ಶಾಲೆಯ ಹೆಡ್ ಮಾಸ್ತರರು ಎಲ್ಲರಿಗಿಂತ ಕೊನೆಗೆ ಒಪ್ಪಿದವರು. ಈಗ ಅವರೂ ಕೈಕಟ್ಟಿ ನಿಂತು ಕೇಳುತ್ತಿದ್ದಾರೆ. “ಇದನ್ನ ಮೊದ್ಲ ಹೇಳಿದ್ರ ಅವತ್ತ ಹೂಂ ಅಂತಿದ್ನೆಲ್ರಿ ಬಾಯೀ,” ಎಂದು ಮೆಲ್ಲಗೆ ಹೇಳುತ್ತಾರೆ. ಮಂಗಲ ತಿರುಗಿ ನೋಡುತ್ತಾರೆ. “ಮೂರ ಸಲ ಹೇಳೇನಿ ಸರ. ನೀವು ಮೊಬೈಲ್ ನೋಡಾಕತ್ತಿದ್ರಿ.” ಮಕ್ಕಳು ಕಿಸಕ್ಕನೆ ನಗುತ್ತಾರೆ. ಮಾಸ್ತರರಿಗೂ ನಗದೆ ವಿಧಿಯಿಲ್ಲ.

ಪ್ರಣಾಲಿಯ ಆ ಮಾರ್ಕು ಮಾತ್ರ ತಿರುಗಿ ಬರಲಿಲ್ಲ. ಜಿನೇಶ ಆಮೇಲೆ ಹೊಸ ಕೆಲಸಕ್ಕೆ ಕರೆದೂ ಇಲ್ಲ. ಅದನ್ನು ಕೇಳಿದರೆ ಮಂಗಲ ಕುಂಚವನ್ನು ಚಿಂದಿಗೆ ಒರೆಸುತ್ತ, “ಗ್ವಾಡಿ ಭಾಳ ಅದಾವ ಬಿಡ್ರಿ,” ಎಂದಷ್ಟೇ ಹೇಳುತ್ತಾರೆ.

ಬಿಸಿಲು ಗೋಡೆಗೆ ಬೀಳುವ ಹೊತ್ತಿಗೆ ಎರಡೂ ಹೆಸರು ತಮ್ಮ ತಮ್ಮ ಪಟ್ಟಿ ಸೇರಿವೆ. ಮಂಗಲ ಕೆಳಗಿಳಿದು, ಡಬ್ಬಿಯ ಮುಚ್ಚಳ ಬಡಿದು, ಸಿಕ್ಕಿಸಿದ್ದ ಸೆರಗು ಬಿಡಿಸಿಕೊಳ್ಳುತ್ತಾರೆ. ಅಷ್ಟರಲ್ಲಿ ರುಪಾಲಿ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಕತ್ತೆತ್ತಿ ಓದುತ್ತಾಳೆ.

“ಅಕ್ಕಾ, ಸಮೋಷ್ಣದಾಗ ಷ ಕೆಳಗ ಣ ಬಿಟ್ಟೀರಿ.”

ಮಂಗಲ ದಿಟ್ಟಿಸಿ ನೋಡುತ್ತಾರೆ. ಹೌದು, ಬಿಟ್ಟಿದ್ದಾರೆ. “ಹಾಳಾಗ ಹೋಗ್ಲಿ ಈ ಕೈ!” ಎನ್ನುತ್ತ ಮತ್ತೆ ಬೆಂಚು ಹತ್ತುತ್ತಾರೆ. ಒತ್ತಕ್ಷರ ಬರೆದು ಮುಗಿದ ಮೇಲೂ ಅವರು ಕೂಡಲೇ ಇಳಿಯುವುದಿಲ್ಲ. ಮೇಲಿನಿಂದಲೇ ಹುಡುಗಿಯನ್ನು ನೋಡಿ ಹೇಳುತ್ತಾರೆ:

“ಆ ಹಾಳಿ ಅಚ್ಚ ಹಾಕೂ ಮುಂದ ನಿನ್ನಂಥಾಕಿ ಒಬ್ಬಾಕಿ ಅಲ್ಲಿ ನಿಂತಿದ್ರ ಸಾಕಾಗಿತ್ತ ನೋಡವಾ.”